ನನ್ನ ಎಡಭುಜದ ಹಿಂದೆ ಕುಣಿಯುವವಳು

ನನ್ನ ಮೊದಲ ಸಿನಿಮಾ ಬಿಡುಗಡೆಯಾದಾಗ ಅದರಲ್ಲಿ ನನಗೆ ಹತ್ತೊಂಬತ್ತು ವರ್ಷ. ಈಗ ಅದೇ ಸಿನಿಮಾದಲ್ಲಿ ನನಗೆ ಅರವತ್ತೊಂದು. ಅದೇ ಗುಲಾಬಿ ಬಣ್ಣದ ಲಂಗ, ಅದೇ ಎರಡು ಜಡೆ, ಜಡೆಯ ತುದಿಗೆ ಅದೇ ಕೆಂಪು ರಿಬ್ಬನ್ನು. ಜಡೆ ಮಾತ್ರ ಇಲಿಬಾಲದಷ್ಟು ತೆಳ್ಳಗಾಗಿದೆ, ಲಂಗದ ಲಾಡಿಯ ಮೇಲೆ ಹೊಟ್ಟೆ ಬಂದು ಕೂತಿದೆ. ಕಾಲೇಜಿಗೆ ಹೊರಟ ನನ್ನ ಗಲ್ಲ ಹಿಡಿದು ಅಪ್ಪನ ಪಾತ್ರದವರು, ಇವಳಿನ್ನೂ ಹಾಲುಗಲ್ಲದ ಹುಡುಗಿ ಎಂದು ಮುದ್ದು ಮಾಡುತ್ತಾರೆ. ಅವರು ತೀರಿಕೊಂಡಾಗ ಐವತ್ತೆರಡಾಗಿತ್ತು. ತೀರಿಕೊಂಡವರು ಸಿನಿಮಾದಲ್ಲೂ ಅಲ್ಲಿಗೇ ನಿಲ್ಲುತ್ತಾರೆ. ಹಾಗಾಗಿ ಈಗ ಅಪ್ಪನಿಗಿಂತ ಮಗಳೇ ದೊಡ್ಡವಳು. ಟಾಕೀಸಿನಲ್ಲಿ ಯಾರೂ ನಗುವುದಿಲ್ಲ. ನಮ್ಮ ಸೀಮೆಯಲ್ಲಿ ಸಿನಿಮಾ ಇರುವುದೇ ಹಾಗೆ. ಬೇರೆ ಕಡೆಯ ಸಿನಿಮಾಗಳಲ್ಲಿ ಜನ ಶೂಟಿಂಗ್ ದಿನ ಇದ್ದ ಹಾಗೇ ಇರುತ್ತಾರೆ ಎಂದು ಹೊರಗಿನಿಂದ ಬಂದ ಮೇಕಪ್ಪಿನವನೊಬ್ಬ ಒಮ್ಮೆ ಹೇಳಿದ್ದ. ಅವನು ಸುಳ್ಳು ಹೇಳುವುದರಲ್ಲಿ ಹೆಸರುವಾಸಿ, ನಾವು ನಂಬಲಿಲ್ಲ.

ಸಿನಿಮಾದ ಹೆಸರು 'ಕಲ್ಲುಗುಡ್ಡದ ಗುಲಾಬಿ'. ತೆಗೆದದ್ದು ನಮ್ಮ ಊರಿನಲ್ಲೇ. ಅಪ್ಪ ಅಮ್ಮ ಇಟ್ಟ ನನ್ನ ಹೆಸರು ಹುಲಿಗೆಮ್ಮ. ಗುಲಾಬಿಯನ್ನು ಹುಲಿಗೆಮ್ಮ ಎಂದು ಕರೆದರೆ ಯಾರು ಮೂಸಿ ನೋಡುತ್ತಾರೆ ಎಂದು ನಿರ್ಮಾಪಕರು ಚಂಪಾರೇಖಾ ಎಂದು ಬದಲಿಸಿದರು. ನನಗೆ ನಟನೆ ಬರುತ್ತಿತ್ತೇ ಎಂದು ಕೇಳಬೇಡಿ. ಕಣ್ಣು ದೊಡ್ಡವಿದ್ದವು, ಅವನ್ನು ಇನ್ನೂ ದೊಡ್ಡದು ಮಾಡಲು ಬರುತ್ತಿತ್ತು. ಸಂತೋಷಕ್ಕೂ ಅದೇ, ದುಃಖಕ್ಕೂ ಅದೇ, ಖಳನಾಯಕ ಕೈ ಹಿಡಿದಾಗಲೂ ಅದೇ. ಸಂಗೀತದವರು ಪುಣ್ಯಾತ್ಮರು, ಯಾವುದಕ್ಕೆ ಯಾವ ಅರ್ಥ ಎಂದು ಅವರೇ ಜನಕ್ಕೆ ತಿಳಿಸುತ್ತಿದ್ದರು.

ನಾಯಕ ಪ್ರಭಾಶಂಕರ ಅವರು. ಆಗ ಅವರ ನಡಿಗೆ ನೋಡಲೆಂದೇ ಹೆಂಗಸರು ಬರುತ್ತಿದ್ದರು. ಈಗ ಎಪ್ಪತ್ತು ದಾಟಿದೆ. ಮೊಣಕಾಲಿಗೆ ಆಪರೇಷನ್ ಮಾಡಿಸಿಕೊಂಡದ್ದನ್ನು ಅವರು ಗುಟ್ಟಾಗಿಟ್ಟಿದ್ದರು. ಆಪರೇಷನ್ ಆದ ವಾರ ಟಾಕೀಸಿನ ಭಾನುವಾರದ ಆಟದಲ್ಲಿ ನಾಯಕ ಕುಂಟುತ್ತಾ ಗುಡ್ಡ ಹತ್ತಿ ಪ್ರೇಮಗೀತೆ ಹಾಡಿದ್ದೇ ತಡ, ಸೋಮವಾರ ಊರಿಗೂರೇ ಬಾಳೆಹಣ್ಣು ಹಿಡಿದು ಅವರ ಮನೆಗೆ ಹೋಯಿತು. ಹಳ್ಳ ದಾಟಿಸಲು ಅವರು ನನ್ನನ್ನು ಎತ್ತಿಕೊಳ್ಳುವ ದೃಶ್ಯವೊಂದಿದೆ. ಅದು ಬಂದಾಗ ಟಾಕೀಸಿನಲ್ಲಿ ಉಸಿರಾಟವೂ ಕೇಳುವುದಿಲ್ಲ. ಎತ್ತಿ ಆಚೆ ದಡದಲ್ಲಿ ಇಳಿಸಿದ ಮೇಲೆ ಜನ ಚಪ್ಪಾಳೆ ತಟ್ಟುತ್ತಾರೆ. ಅದು ನನ್ನ ಚೆಲುವಿಗಲ್ಲ, ಅವರ ಸೊಂಟಕ್ಕೆ. ಮೊದಲು ಎರಡೂವರೆ ಗಂಟೆಯಿದ್ದ ಸಿನಿಮಾ ನಾವಿಬ್ಬರೂ ಗುಡ್ಡ ಹತ್ತುವುದು ನಿಧಾನವಾದ್ದರಿಂದ ಈಗ ನಾಲ್ಕು ಗಂಟೆ ಹಿಡಿಯುತ್ತದೆ. ಮ್ಯಾನೇಜರ್ ಚನ್ನಮಲ್ಲಪ್ಪನವರು ಎರಡು ಇಂಟರ್‌ವಲ್ ಕೊಡುತ್ತಾರೆ. ಇನ್ನು ಖಳನಾಯಕ ಮೂವತ್ತೈದಕ್ಕೇ ತೀರಿಕೊಂಡವನು, ಪೈಲ್ವಾನನ ಮೈ. ಅಂಥವನು ಪ್ರಭಾಶಂಕರ ಅವರ ನಡುಗುವ ಕೈಯಿಂದ ಒಂದು ಗುದ್ದು ತಿಂದು ಹುಲ್ಲಿನ ಬಣವೆಯ ಮೇಲೆ ಬೀಳಬೇಕು. ಪ್ರತಿ ವಾರವೂ ಬೀಳುತ್ತಾನೆ, ಪಾಪ.

ನಾಯಕಿಯಾಗಿ ನಾಲ್ಕು ಸಿನಿಮಾ ಮಾಡಿದೆ. ಆಮೇಲೆ ನಾಯಕಿಯ ಅಕ್ಕನಾದೆ, ಅತ್ತಿಗೆಯಾದೆ. ಒಂದು ಸಿನಿಮಾದಲ್ಲಿ ಇದೇ ಪ್ರಭಾಶಂಕರ ಅವರಿಗೆ ತಾಯಿಯಾಗಿ, ನನ್ನ ಕಂದಾ ಎಂದು ತಲೆ ಸವರಿದೆ; ಅವರ ವಿಗ್ ಕೈಗೆ ಬಂತು. ಆಮೇಲೆ ಟಿವಿ. ಸೀರಿಯಲ್‌ಗಳಲ್ಲಿ ಮೊದಲು ಜೋರಿನ ಅತ್ತೆ, ಆಮೇಲೆ ಒಳ್ಳೆಯ ಅಜ್ಜಿ. ಈಗ ಸಂಜೆ ಬರುವ ಒಂದು ಸೀರಿಯಲ್‌ನಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದ ಅಜ್ಜಿ. ಮಾತಿಲ್ಲ. ಸೊಸೆಯಂದಿರು ಒಬ್ಬೊಬ್ಬರೇ ಬಂದು ನನ್ನ ಮುಂದೆ ಸಂಚು ಹೇಳಿಕೊಳ್ಳುತ್ತಾರೆ, ನಾನು ಕಣ್ಣು ದೊಡ್ಡದು ಮಾಡುತ್ತೇನೆ. ಕಲಿತ ವಿದ್ಯೆ ಒಂದೇ ಆದರೂ ಇಷ್ಟು ವರ್ಷ ಅನ್ನ ಹಾಕಿತು. ಇನ್ನು ಮುಂದಿನ ಬಡ್ತಿ ಎಂದರೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ.

ಇಷ್ಟೆಲ್ಲದರ ನಡುವೆ ನನಗಿದ್ದ ಒಂದೇ ಹೆಮ್ಮೆಯೆಂದರೆ ಭಾನುವಾರದ ಬೆಳಗಿನ ಆಟ. ಇಷ್ಟು ವರ್ಷವಾದರೂ ಪ್ರತಿ ಭಾನುವಾರ ಟಾಕೀಸಿನಲ್ಲಿ ಗುಲಾಬಿಯನ್ನು ಹಾಕುತ್ತಾರೆ, ಪ್ರತಿ ಭಾನುವಾರವೂ ತುಂಬುತ್ತದೆ. ಬಾಲ್ಕನಿಯ ಮೂಲೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತು ನಾನೂ ನೋಡುತ್ತಿದ್ದೆ. ಯಾರಿಗೂ ಗೊತ್ತಾಗಬಾರದೆಂದು ಸೆರಗು, ಗೊತ್ತಾಗಲಿ ಎಂದು ಕಪ್ಪು ಕನ್ನಡಕ. ಕೆಳಗೆ ಮುಂದಿನ ಬೆಂಚಿನಲ್ಲಿ ಒಬ್ಬ ಮುದುಕಿ ಯಾವಾಗಲೂ ಇರುತ್ತಿದ್ದಳು. ಸಂತೆಯ ಹಾಡು ಶುರುವಾಗುತ್ತಿದ್ದಂತೆ, ನಾನು ಬುಟ್ಟಿ ಹಿಡಿದು ಕುಣಿಯತೊಡಗಿದಂತೆ, ಆಕೆ ಬೆಂಚಿನ ತುದಿಗೆ ಸರಿದು ಕತ್ತು ಚಾಚುತ್ತಿದ್ದಳು. ಹಾಡು ಮುಗಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಉಳಿದ ಸಿನಿಮಾ ನೋಡದೆ ಎದ್ದು ಹೋಗುತ್ತಿದ್ದಳು. ನನ್ನ ಚೆಲುವನ್ನು ಅದಕ್ಕಿಂತ ಹೆಚ್ಚು ತಡೆದುಕೊಳ್ಳಲಾರಳೇನೋ ಎಂದುಕೊಂಡಿದ್ದೆ. ಪತ್ರಿಕೆಯವರು ಬಂದಾಗಲೆಲ್ಲ, ಪ್ರಶಸ್ತಿ ಬರದಿದ್ದರೇನು, ನನಗೊಬ್ಬ ಅಭಿಮಾನಿ ಅಜ್ಜಿ ಇದ್ದಾಳೆ ಎಂದು ಕಣ್ಣು ದೊಡ್ಡದು ಮಾಡಿ ಹೇಳುತ್ತಿದ್ದೆ.

ಆ ಅಜ್ಜಿ ಒಂದು ದಿನ ನನ್ನ ಮನೆ ಬಾಗಿಲಿಗೇ ಬಂದಳು. ಕಿಟಕಿಯಿಂದ ನೋಡಿದವಳೇ ನಾನು ಒಳಗೆ ಓಡಿ ತುಟಿಗೆ ಬಣ್ಣ ಹಚ್ಚಿ, ಅಂಗಡಿಯಿಂದ ತಂದ ಚೌರಿ ಕೂದಲು ಸಿಕ್ಕಿಸಿಕೊಂಡು, ಹಳೆಯ ಫೋಟೋ ಒಂದಕ್ಕೆ ಪ್ರೀತಿಯಿಂದ ಎಂದು ಬರೆದು ಸಹಿ ಹಾಕಿ, ಆಮೇಲೆ ಬಾಗಿಲು ತೆಗೆದೆ. ಆಕೆಯ ಹೆಸರು ಸಾವಂತ್ರವ್ವ. ಹಳೇ ಪೇಟೆಯ ಓಣಿಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಕೂರು ಎಂದರೆ ಕುರ್ಚಿಯ ಮೇಲೆ ಕೂರದೆ ನೆಲಕ್ಕೆ ಕೂತಳು. ನಾನು ಫೋಟೋ ಕೊಟ್ಟೆ. ಆಕೆ ಅದನ್ನು ತಿರುವಿ ಮುರುವಿ ನೋಡಿ ಪಕ್ಕದಲ್ಲಿಟ್ಟಳು.

"ಸಿಟ್ಟಾಗಬ್ಯಾಡ್ರಿ, ಬಾಯಾರ. ನೀವು ಒಂದೀಟು ದಪ್ಪ ಆಗೀರಿ," ಎಂದಳು. "ನಿಮ್ಮ ಹಿಂದ ನನ್ನ ಮಗಳು ಅದಾಳ್ರಿ. ಕಾಣವಲ್ಲಳು."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಕೆ ನಿಧಾನವಾಗಿ ಬಿಡಿಸಿ ಹೇಳಿದಳು. ಸಂತೆಯ ಹಾಡಿನಲ್ಲಿ ನನ್ನ ಹಿಂದೆ ಕುಣಿಯುವ ಹುಡುಗಿಯರಲ್ಲಿ ಒಬ್ಬಳು ಅವಳ ಮಗಳು ಕಸ್ತೂರಿ. ನನ್ನ ಎಡಭುಜದ ಹಿಂದೆ ಅವಳ ಜಾಗ. ಊರಿನಲ್ಲಿ ಶೂಟಿಂಗ್ ನಡೆದಾಗ, ಕುಣಿಯಲು ಬರುವ ಹುಡುಗಿಯರು ಬೇಕು ಎಂದದ್ದಕ್ಕೆ ಅಪ್ಪನಿಗೆ ಹೇಳದೆ ಹೋಗಿ ನಿಂತಿದ್ದಳು. ಅಪ್ಪನಿಗೆ ಗೊತ್ತಾಯಿತು. ಕುಣಿಯುವವಳು ನನ್ನ ಹೊಸಿಲು ತುಳಿಯುವುದು ಬೇಡ ಎಂದ. ಹುಡುಗಿಗೂ ಅಪ್ಪನದೇ ಹಟ. ಸಿನಿಮಾದವರ ಬಸ್ಸು ಹತ್ತಿ ಹೋದವಳು ತಿರುಗಿ ಬರಲಿಲ್ಲ. ಅವಳು ಸೇರಿದ ಕುಣಿತದ ತಂಡ ಒಡೆದು ಯಾರು ಎಲ್ಲಿಗೆ ಹೋದರೋ ಯಾರಿಗೂ ತಿಳಿಯಲಿಲ್ಲ. ಗಂಡ ಸತ್ತು ಎಷ್ಟೋ ಕಾಲವಾಯಿತು. ಅವನು ಸತ್ತದ್ದು ಮಗಳಿಗೆ ಗೊತ್ತಿಲ್ಲ. ಸಾವಂತ್ರವ್ವನಿಗೆ ಮಗಳು ಇರುವುದು ಗೊತ್ತಾಗುವುದು ಭಾನುವಾರದ ಆಟದಲ್ಲಿ ಮಾತ್ರ. ಮಗಳ ನೆತ್ತಿಯಲ್ಲಿ ಮೊದಲ ಬಿಳಿ ಕೂದಲು ಕಂಡ ದಿನ ಬೆಲ್ಲದ ಅನ್ನ ಮಾಡಿ ಓಣಿಗೆಲ್ಲ ಹಂಚಿದ್ದಳಂತೆ. ಕೂದಲು ನೆರೆಯುತ್ತಿದೆ ಎಂದರೆ ಎಲ್ಲಿಯೋ ಒಂದು ಕಡೆ ಬದುಕಿದ್ದಾಳೆ ಎಂದಲ್ಲವೇ.

ಮೊದಲು ಪೂರ್ತಿ ಕಾಣುತ್ತಿದ್ದಳಂತೆ. ನಾನು ಅತ್ತಿಗೆ ಪಾತ್ರ ಮಾಡುವ ಹೊತ್ತಿಗೆ ಅವಳ ಒಂದು ಕೈ ಮರೆಯಾಯಿತು. ಅತ್ತೆಯಾದಾಗ ಭುಜ ಹೋಯಿತು. ಹಾಸಿಗೆ ಹಿಡಿದ ಅಜ್ಜಿಯಾದ ಮೇಲೆ, ದಿನವಿಡೀ ಮಲಗಿ ಸೆಟ್ಟಿನ ಊಟ ಮಾಡಿ ನಾನು ಹೇಗಾದೆ ಎಂಬುದು ನಿಮಗೆ ಬೇಡ, ಮುಖವೂ ಹೋಯಿತು. ಈಗ ಹಾಡಿನ ಕೊನೆಯ ತಿರುವಿನಲ್ಲಿ ಲಂಗದ ಅಂಚು ಕಾಣುತ್ತದೆ, ಅಷ್ಟೇ. ಲಂಗಕ್ಕೆ ವಯಸ್ಸಾಗುವುದಿಲ್ಲ.

ನಾನು ಕೇಳಬಾರದ್ದನ್ನು ಕೇಳಿದೆ. ಹಾಗಾದರೆ ಇಷ್ಟು ವರ್ಷ ನನ್ನನ್ನು ನೋಡಲೇ ಇಲ್ಲವಾ ಎಂದೆ. ಸಾವಂತ್ರವ್ವ ಸಂಕೋಚಪಟ್ಟಳು. ನೋಡದೆ ಏನು, ನೀವು ನಡುವೆ ಇರ್ತೀರಲ್ಲ ಎಂದಳು.

ಆಕೆ ಹೋದ ಮೇಲೆ ನಾನು ನೇರ ಚನ್ನಮಲ್ಲಪ್ಪನವರ ಹತ್ತಿರ ಹೋದೆ. ಟಾಕೀಸಿನ ಮ್ಯಾನೇಜರ್ ಅವರು, ನನಗಿಂತ ಹಿರಿಯರು, ಮೃದು ಮನುಷ್ಯ. ನಿಜ ಹೇಳಿ, ಭಾನುವಾರ ಜನ ಯಾರನ್ನು ನೋಡಲು ಬರುತ್ತಾರೆ ಎಂದು ಕೇಳಿದೆ. ಅವರು ಟೇಬಲ್ಲಿನ ಮೇಲಿನ ಗಾಜನ್ನು ಬಟ್ಟೆಯಿಂದ ಒರೆಸುತ್ತಾ ಕೂತರು. ಆಮೇಲೆ ಹೇಳಿದರು: ಸಂತೆಯ ದೃಶ್ಯಕ್ಕೆ ಆವತ್ತು ಅರ್ಧ ಊರೇ ನಿಂತಿತ್ತು. ಅವರಲ್ಲಿ ಎಷ್ಟೋ ಜನ ಆಮೇಲೆ ಎಲ್ಲೆಲ್ಲಿಗೋ ಹೋದರು. ಬಳೆಗಾರರ ಮನೆಯವರು ಅಣ್ಣನನ್ನು ನೋಡಲು ಬರುತ್ತಾರೆ, ಮಾಸ್ತರರ ಹೆಂಡತಿ ತಂಗಿಯನ್ನು ನೋಡಲು, ಚನ್ನಮಲ್ಲಪ್ಪನವರೇ ಚಿಕ್ಕಪ್ಪನ ಮಗನನ್ನು ನೋಡಲು. ನನ್ನನ್ನು ನೋಡಲು ಯಾರೂ ಬರುವುದಿಲ್ಲವೇ ಎಂದೆ. ಯೋಚಿಸಿ, ನೀವು ಬರ್ತೀರಲ್ಲ ಮೇಡಂ, ಎಂದರು.

ಮನೆಗೆ ಬಂದು ಕನ್ನಡಿಯ ಮುಂದೆ ಕೂತು ಅತ್ತೆ. ಅಭ್ಯಾಸ ನೋಡಿ, ಅಳುವಾಗಲೂ ಕಣ್ಣು ದೊಡ್ಡದೇ ಆಯಿತು. ಎರಡು ಭಾನುವಾರ ಟಾಕೀಸಿಗೆ ಹೋಗಲಿಲ್ಲ. ಮುದುಕಿಯ ಮೇಲೆ ಸಿಟ್ಟೂ ಬಂತು. ಸರಿಯಬೇಕಂತೆ, ನಾಯಕಿ ಸರಿಯಬೇಕಂತೆ, ಎಂದು ಒಬ್ಬಳೇ ಗೊಣಗಿದೆ. ಆದರೆ ಆಕೆ ಬೆಂಚಿನ ತುದಿಗೆ ಜರುಗಿ ನನ್ನ ಬೆನ್ನಿನ ಆಚೆ ಇಣುಕಲು ಕತ್ತು ಚಾಚುವುದು ಕಣ್ಣ ಮುಂದಿನಿಂದ ಹೋಗಲಿಲ್ಲ. ಪರದೆಯ ಆಚೆ ಇಣುಕಲಾಗುತ್ತದೆಯೇ? ಆಗುವುದಿಲ್ಲ ಎಂದು ಗೊತ್ತಿದ್ದೂ ಇಣುಕುತ್ತಾಳೆ. ಎರಡನೆಯ ಭಾನುವಾರದ ಮರುದಿನ ಬೆಳಿಗ್ಗೆ ಹಳೆಯ ಬೂಟು ಹುಡುಕಿ ಕೆರೆ ಏರಿಯ ಮೇಲೆ ನಡೆಯಲು ಹೋದೆ.

ನಮ್ಮ ಊರಿನಲ್ಲಿ ಗುಟ್ಟಾಗಿ ಸಣ್ಣಗಾಗುವುದು ಸಾಧ್ಯವಿಲ್ಲ. ಭಾನುವಾರ ಎಲ್ಲರ ಮುಂದೆ ಗೊತ್ತಾಗುತ್ತದೆ. ಸಾವಂತ್ರವ್ವ ನನ್ನ ಬಳಿ ಬಂದದ್ದು ಅದಾಗಲೇ ಓಣಿ ಓಣಿಗೂ ತಲುಪಿತ್ತು. ಮಿರ್ಚಿ ಅಂಗಡಿಯ ಹನುಮಂತಪ್ಪ ನಾನು ಕೈ ಚಾಚಿದರೆ ಬಾಣಲೆಗೆ ಜಾಲರಿ ಮುಚ್ಚುತ್ತಿದ್ದ. ಸೆಟ್ಟಿನಲ್ಲಿ ಅಡುಗೆಯವರು ನನಗೆ ಸೌತೆಕಾಯಿ ಹೆಚ್ಚಿ ಇಡತೊಡಗಿದರು. ಅನ್ನ ಬಿಟ್ಟೆ, ಸಂಜೆಯ ಬೋಂಡಾ ಬಿಟ್ಟೆ. ಬೋಂಡಾ ನನ್ನನ್ನು ಬಿಡಲಿಲ್ಲ, ಕನಸಿಗೆ ಬಂತು. ಭಾನುವಾರ ಹಾಡಿನ ಹೊತ್ತಿಗೆ ಈಗ ಎಲ್ಲರ ಕಣ್ಣೂ ನನ್ನ ಸೊಂಟದ ಮೇಲೆ. ನಾಯಕಿಯಾಗಿದ್ದಾಗಲೂ ನನ್ನ ಸೊಂಟವನ್ನು ಯಾರೂ ಇಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ. ಮೊದಲು ಒಂದು ಬೆರಳು ಕಂಡಿತು. ಮುಂದೊಂದು ವಾರ ಕೈ, ಕೈಯಲ್ಲಿ ಬುಟ್ಟಿ. ಆಮೇಲೆ ಬಹಳ ದಿನ ಏನೂ ಇಲ್ಲ. ನಾನು ನಿಂತಲ್ಲೇ ನಿಂತಿದ್ದೆ, ತೂಕದ ಯಂತ್ರವೂ ನಿಂತಿತ್ತು. ಸೀರಿಯಲ್‌ನ ನಿರ್ದೇಶಕ ಪ್ರಣವ ಎಂಬ ಹುಡುಗ ಕರೆದು, ಮೇಡಂ, ಹಳೆಯ ಎಪಿಸೋಡುಗಳಲ್ಲೂ ನೀವು ಇಳಿದುಹೋಗಿದ್ದೀರಿ, ಸೊಸೆಯರು ಅನ್ನ ಹಾಕುತ್ತಿಲ್ಲ ಅಂತ ಜನ ಬೈಯುತ್ತಿದ್ದಾರೆ ಎಂದ. ಬೈಯಲಿ ಬಿಡು, ಕಥೆಗೆ ಒಳ್ಳೆಯದು ಎಂದೆ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಭಾನುವಾರ ನನ್ನ ಎಡಭುಜದ ಹಿಂದಿನಿಂದ ಒಂದು ಮುಖ ಪೂರ್ತಿಯಾಗಿ ಹೊರಗೆ ಬಂತು. ನಾನು ಆವತ್ತು ಬಾಲ್ಕನಿ ಬಿಟ್ಟು ಸಾವಂತ್ರವ್ವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಕಸ್ತೂರಿಗೆ ಅರವತ್ತರ ಹತ್ತಿರ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗಲ್ಲ ತುಂಬಿಕೊಂಡಿತ್ತು, ಕತ್ತಿನ ಕೆಳಗೆ ಇನ್ನೊಂದು ಕತ್ತು ಬಂದಿತ್ತು, ಹಸಿರು ರವಿಕೆಯ ತೋಳು ಬಿಗಿಯಾಗಿತ್ತು. ನಾನು ಇಷ್ಟೆಲ್ಲ ಉಪವಾಸ ಬಿದ್ದು ಜಾಗ ಮಾಡಿಕೊಟ್ಟದ್ದಕ್ಕೆ ಆಕೆ ಅದನ್ನೆಲ್ಲ ತುಂಬಿಕೊಂಡು ನಗುತ್ತಾ ಕುಣಿಯುತ್ತಿದ್ದಳು. ನನಗಿಂತ ಎಷ್ಟೋ ಚೆನ್ನಾಗಿ ಕುಣಿಯುತ್ತಿದ್ದಳು. ಇಷ್ಟು ವರ್ಷ ನನ್ನನ್ನೇ ನೋಡಿಕೊಂಡು ಕೂತಿದ್ದರಿಂದ ನನಗದು ಗೊತ್ತೇ ಆಗಿರಲಿಲ್ಲ.

"ಮೈ ಕೈ ತುಂಬಿಕೊಂಡಾಳ," ಎಂದಳು ಸಾವಂತ್ರವ್ವ. "ಉಣ್ಣಾಕ ಕೊರತಿ ಇಲ್ಲ."

ಆವತ್ತು ಆಕೆ ಸಿನಿಮಾ ಮುಗಿಯುವವರೆಗೂ ಕೂತಳು. ಹೊರಗೆ ಬಂದು ಚಹಾ ಕುಡಿಯುವಾಗ, ಖುಷಿಯಾಯಿತಾ ಎಂದು ಕೇಳಿದೆ. ಆಯಿತು ಎಂದಳು. ಚಹಾದ ಲೋಟ ಕೆಳಗಿಟ್ಟು, ನಾನು ಅವಳನ್ನು ನೋಡುತ್ತೇನೆ, ಅವಳಿಗೆ ನಾನು ಕಾಣುವುದಿಲ್ಲ, ಇದ್ದೇನೋ ಸತ್ತೆನೋ ಅವಳಿಗೇನು ಗೊತ್ತು ಎಂದಳು. ದೂರಿನ ಹಾಗೆ ಹೇಳಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದಳು.

ಮರುದಿನ ನಾನು ಪ್ರಣವನ ಹಿಂದೆ ಬಿದ್ದೆ. ಸೀರಿಯಲ್‌ನಲ್ಲಿ ಕಿರಿಯ ಸೊಸೆಯ ತಂಗಿಯ ಮದುವೆ ಬರುವುದಿತ್ತು. ಮದುವೆಗೆ ಬಂದವರ ಗುಂಪಿನಲ್ಲಿ ಒಬ್ಬಳನ್ನು ಕೂರಿಸು ಎಂದೆ. ಅದಕ್ಕೇನು, ಕೂರಿಸೋಣ ಎಂದ. ಗುಂಪಿನಲ್ಲಲ್ಲ, ಹತ್ತಿರದಿಂದ ಮುಖ ಕಾಣಬೇಕು ಎಂದೆ. ಅಷ್ಟು ಹತ್ತಿರದ ಶಾಟ್ ಇರುವುದು ನಿಮ್ಮದೊಂದೇ ಮೇಡಂ, ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಮಂಟಪಕ್ಕೆ ಕರೆತರುವುದು, ಅಜ್ಜಿಯ ಕಣ್ಣಲ್ಲಿ ನೀರು, ಎಂದ. ವರ್ಷದಿಂದ ಹಾಸಿಗೆಯಲ್ಲಿದ್ದವಳಿಗೆ ಬಂದ ಒಂದು ಒಳ್ಳೆಯ ಶಾಟ್ ಅದು. ನಾನು ಎಷ್ಟು ಹೊತ್ತು ಯೋಚಿಸಿದೆ ಎಂದು ಹೇಳಿದರೆ ನನಗೇ ನಾಚಿಕೆ. ಕೊನೆಗೆ, ನನ್ನ ಬದಲು ಅವಳನ್ನು ತೋರಿಸು, ಅಜ್ಜಿಯ ಊರಿನ ಗೆಳತಿ ಬಂದಿದ್ದಾಳೆ ಅನ್ನು ಎಂದೆ.

ಸಾವಂತ್ರವ್ವ ಇಳಕಲ್ ಸೀರೆ ಉಟ್ಟು ಬಂದಳು. ಮುಖಕ್ಕೆ ಬಣ್ಣ ಹಚ್ಚಲು ಬಿಡಲಿಲ್ಲ. ಗುರುತು ಸಿಗದಿದ್ದರೆ ಎಂಬ ಭಯ. ಕ್ಯಾಮೆರಾ ನೋಡಬೇಡ, ಮದುಮಗಳನ್ನು ನೋಡು ಎಂದು ಪ್ರಣವ ತಿಳಿಸಿ ಹೇಳಿದ. ಆಕೆ ಹ್ಞೂಂ ಎಂದು, ಶಾಟ್ ಶುರುವಾದೊಡನೆ ಕ್ಯಾಮೆರಾವನ್ನೇ ನೋಡಿದಳು. ಮತ್ತೆ ತೆಗೆದರೂ ಅದೇ, ಮತ್ತೊಮ್ಮೆ ತೆಗೆದರೂ ಅದೇ. ಕೊನೆಯ ಸಲ ನೋಡುವುದಷ್ಟೇ ಅಲ್ಲ, ಕ್ಯಾಮೆರಾದ ಕಡೆಗೆ ಬಾಗಿ ಮಾತಾಡಿಯೇ ಬಿಟ್ಟಳು.

"ಉಂಡೀ ಏನವ್ವಾ?" ಎಂದಳು.

ಪ್ರಣವ ತಲೆಯ ಮೇಲೆ ಕೈ ಹೊತ್ತು ಕೂತ. ಲಕ್ವ ಹೊಡೆದ ಅಜ್ಜಿ ಗಾಲಿಕುರ್ಚಿಯಿಂದ ಎದ್ದು ನಡೆದು ಹೋಗಿ ಅವನ ಭುಜ ಹಿಡಿದಳು. ಇಷ್ಟು ವರ್ಷದ ನನ್ನ ವೃತ್ತಿಯಲ್ಲಿ ನಾನು ಯಾವ ನಿರ್ದೇಶಕನನ್ನೂ ಏನೂ ಕೇಳಿಲ್ಲ, ಇದೊಂದನ್ನು ಉಳಿಸು ಎಂದೆ. ಕೇಳಿಲ್ಲ ಎಂಬುದು ಸುಳ್ಳು. ಪ್ರತಿಯೊಬ್ಬರನ್ನೂ ಕೇಳಿದ್ದೇನೆ, ಯಾರೂ ಕೊಟ್ಟಿಲ್ಲ. ಪ್ರಣವ ಕೊಟ್ಟ. ದನಿಯನ್ನು ವಾಲಗದ ಸದ್ದಿನಲ್ಲಿ ಮುಳುಗಿಸುತ್ತೇನೆ, ತುಟಿ ಮಾತ್ರ ಕಾಣುತ್ತದೆ ಎಂದ.

ಆ ಕಂತು ಪ್ರಸಾರವಾಯಿತು. ಸೀಮೆಯ ಉದ್ದಗಲಕ್ಕೂ ಜನ ನೋಡುವ ಸೀರಿಯಲ್ ಅದು. ಕಸ್ತೂರಿ ನೋಡುವಳೋ ಇಲ್ಲವೋ ಯಾರಿಗೆ ಗೊತ್ತು. ಮುಂದಿನ ಭಾನುವಾರ ಸಂತೆಯ ಹಾಡು ಬಂತು. ಕಸ್ತೂರಿ ಎಂದಿನಂತೆ ಬುಟ್ಟಿ ಎತ್ತಿ ನಕ್ಕಳು. ಏನೂ ಬದಲಾಗಿರಲಿಲ್ಲ. ಅದರ ಮುಂದಿನ ಭಾನುವಾರವೂ ಅಷ್ಟೇ. ಆ ಹೊತ್ತಿಗೆ ಸಾವಂತ್ರವ್ವನಿಗೆ ರೊಟ್ಟಿ ಬಡಿಯುವಾಗ ದಮ್ಮು ಹತ್ತುತ್ತಿತ್ತು, ಟಾಕೀಸಿನ ಮೆಟ್ಟಿಲು ಹತ್ತಲು ನನ್ನ ಕೈ ಹಿಡಿಯಬೇಕಾಗಿತ್ತು. ನನಗೆ ಒಳಗೊಳಗೇ ಪ್ರಣವನ ಮೇಲೆ, ವಾಲಗದವರ ಮೇಲೆ, ಸೀರಿಯಲ್ ನೋಡದ ಕಸ್ತೂರಿಯ ಮೇಲೆ ಸಿಟ್ಟು. ಒಂದು ಒಳ್ಳೆಯ ಶಾಟ್ ಸುಮ್ಮನೆ ಹೋಯಿತಲ್ಲ ಎಂಬ ಹೊಟ್ಟೆಯುರಿಯೂ ಇತ್ತು, ಮುಚ್ಚಿಡುವುದೇಕೆ.

ಆಮೇಲೆ ಚಾನೆಲ್‌ನವರು ಆ ಮದುವೆಯ ಕಂತುಗಳನ್ನು ಒಂದು ಶನಿವಾರ ಮಧ್ಯಾಹ್ನ ಒಟ್ಟಿಗೆ ಮತ್ತೆ ಹಾಕಿದರು. ಮರುದಿನ ಬೆಳಗಿನ ಆಟಕ್ಕೆ ನಾವು ಎಂದಿನಂತೆ ಮುಂದಿನ ಬೆಂಚಿನಲ್ಲಿ ಕೂತೆವು. ಹಾಡು ಶುರುವಾಯಿತು. ನಾನು ಬುಟ್ಟಿ ಹಿಡಿದು ಬಂದೆ, ಹಿಂದೆ ಹುಡುಗಿಯರು ಬಂದರು. ಎಡಭುಜದ ಹಿಂದಿನಿಂದ ಕಸ್ತೂರಿ ಮುಖ ಎತ್ತಿದಳು. ಅವಳ ಕಣ್ಣೆರಡೂ ಊದಿಕೊಂಡಿದ್ದವು. ರೆಪ್ಪೆ ಕೆಂಪಾಗಿ, ಮೂಗಿನ ತುದಿ ಕೆಂಪಾಗಿ, ರಾತ್ರಿಯೆಲ್ಲ ಅತ್ತವರ ಮುಖ ಬೆಳಿಗ್ಗೆ ಹೇಗಿರುತ್ತದೋ ಹಾಗಿತ್ತು. ತುಟಿ ನಗುತ್ತಿತ್ತು, ಹಾಡಿನಲ್ಲಿ ನಗಬೇಕಲ್ಲ. ಕಾಲು ತಾಳ ತಪ್ಪಲಿಲ್ಲ.

ಸಾವಂತ್ರವ್ವ ನನ್ನ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿದ ಕೈ, ಬಳೆ ಒಡೆಯುವಷ್ಟು ಬಿಗಿ.

"ನೋಡ್ಯಾಳ," ಎಂದಳು.

ಹಿಂದಿನ ಸಾಲಿನಿಂದ ಯಾರೋ ಅದನ್ನು ತಮ್ಮ ಹಿಂದಿನವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ. ಬಾಲ್ಕನಿಯವರೆಗೂ ಆ ಪಿಸುಮಾತು ಹೋಗಿ ತಲುಪುವುದು ನನಗೆ ಕೇಳಿಸಿತು. ಸಾವಂತ್ರವ್ವ ಸೆರಗು ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟಳು. ಅವಳ ಹೆಗಲ ಮೇಲೆ ಕೈಯಿಟ್ಟು ನಾನೂ ಅತ್ತೆ. ಮನೆಗೆ ಹೋದ ಮೇಲೂ ಅತ್ತೆ. ಯಾವ ನಿರ್ದೇಶಕನೂ ಹೇಳದೆ, ಸಂಗೀತವಿಲ್ಲದೆ, ಕಣ್ಣು ದೊಡ್ಡದು ಮಾಡದೆ, ಮೂಗು ಸೋರಿಸಿಕೊಂಡು, ನೋಡಲು ಅಸಹ್ಯವಾಗುವಂತೆ ಅತ್ತೆ.

ಅದೇ ದಿನ ಸಂಜೆಯ ಆಟಕ್ಕೂ ಜನ ಕೇಳಿದರೆಂದು ಚನ್ನಮಲ್ಲಪ್ಪನವರು ಗುಲಾಬಿಯನ್ನೇ ಹಾಕಿದ್ದರು. ಆಟ ಬಿಟ್ಟ ಮೇಲೆ ನನ್ನ ಮನೆಗೆ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಮೇಡಂ, ಸಿನಿಮಾದ ಉದ್ದಕ್ಕೂ ನಿಮ್ಮ ಕಣ್ಣು ಊದಿಕೊಂಡಿದೆ, ಪ್ರಭಾಶಂಕರ ಅವರು ಹೂವು ಕೊಡುವಾಗಲೂ ಹಾಗೇ ಇದೆ, ಎಂದರು. ಜನ ಬೈದರಾ ಎಂದು ಕೇಳಿದೆ. ಇಲ್ಲ, ಎಂದು ಅವರು ತಲೆ ತುರಿಸಿಕೊಂಡರು. ನಾಯಕಿಗೆ ಏನಾಯಿತು ಎಂದು ಎಲ್ಲರೂ ಕೇಳುತ್ತಿದ್ದಾರೆ, ಇಡೀ ಸಿನಿಮಾ ನಿಮ್ಮನ್ನೇ ನೋಡಿದರು, ಎಂದರು.